‘ಜಾಗರೂಕತೆಯಿಂದ ಚಲಾಯಿಸಿ’ ಎಂದು ಬರೆದವರಿಗೆ

ವಾಹನ ಸುರಕ್ಷತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡನ ಸಾವಿನ ಬಗ್ಗೆ ನಿಮ್ಮ ಕಚೇರಿ ಸಿದ್ಧಪಡಿಸಿದ ವರದಿ ನನಗೆ ತಲುಪಿದೆ. ಒಂಬತ್ತು ಪುಟ. ಎಲ್ಲವನ್ನೂ ಓದಿದೆ. ಏಳನೆಯ ಪುಟದಲ್ಲಿ ಹೀಗಿದೆ: ‘ದೋಷವಿರುವುದು ತಿಳಿದಿದ್ದರೂ ಚಾಲಕರು ವಾಹನವನ್ನು ರಸ್ತೆ ಉಬ್ಬಿನ ಮೇಲೆ ಅನಗತ್ಯವಾಗಿ ಪದೇ ಪದೇ ಚಲಾಯಿಸಿದ್ದಾರೆ.’ ಈ ಸಾಲು ತಪ್ಪು. ಇದನ್ನು ತಿದ್ದಬೇಕೆಂದು ಎರಡು ಸಲ ನಿಮಗೆ ಬರೆದೆ. ಮೊದಲನೆಯ ಪತ್ರಕ್ಕೆ ಸ್ವೀಕೃತಿ ಬಂತು. ಎರಡನೆಯದಕ್ಕೆ ಮೊದಲನೆಯ ಸ್ವೀಕೃತಿಯ ನಕಲು ಬಂತು. ಆದ್ದರಿಂದ ಮೂರನೆಯದನ್ನು ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಬಟ್ಟೆ ಆಲ್ಟರೇಶನ್ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಚ್ಚು ಓದಿಲ್ಲ. ಆದರೆ ಮದುವೆಯಾದಾಗಿನಿಂದ ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುತ್ತೇನೆ. ಹಾಗಾಗಿ ತಾರೀಖುಗಳ ವಿಷಯದಲ್ಲಾದರೂ ನನ್ನ ಮಾತನ್ನು ನಂಬಬಹುದು.

ನನ್ನ ಗಂಡ ಇಪ್ಪತ್ತಾರು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದರು. ಒಬ್ಬರೇ ಮೇಷ್ಟ್ರು, ಒಂದೇ ಕಾರು, ಅದೇ ಶಾಲೆ. ಕಲಿತವರೆಲ್ಲ ಅವರನ್ನು ‘ಮೂರ್ಸಲದ ಮೇಷ್ಟ್ರು’ ಎನ್ನುತ್ತಿದ್ದರು. ಯಾವ ಪಾಠವನ್ನೂ ಅವರು ಮೂರು ಸಲ ಮಾಡಿಸದೆ ಬಿಡುತ್ತಿರಲಿಲ್ಲ. ಮೊದಲನೆಯದು ಹೆದರಿಕೆಗೆ, ಎರಡನೆಯದು ಅದೃಷ್ಟಕ್ಕೆ, ಮೂರನೆಯದು ಮಾತ್ರ ಲೆಕ್ಕಕ್ಕೆ ಎನ್ನುತ್ತಿದ್ದರು. ಮನೆಯ ಬೀಗವನ್ನೂ ಮೂರು ಸಲ ಎಳೆದು ನೋಡುತ್ತಿದ್ದರು. ನಾನು ಬೈದರೆ ನಾಲ್ಕನೆಯ ಸಲ ಎಳೆಯುತ್ತಿದ್ದರು. ಇದನ್ನು ಈಗಲೇ ಹೇಳುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಮಾರ್ಚ್ ಹನ್ನೊಂದರಂದು ನಮಗೆ ರೀಕಾಲ್ ಪತ್ರ, ಅಂದರೆ ದೋಷವಿರುವ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಯುವ ಪತ್ರ, ಬಂತು. ಕಂಪನಿಯ ಹೆಸರಿನಲ್ಲಿತ್ತು, ಕೆಳಗೆ ನಿಮ್ಮ ಕಚೇರಿಯ ಅನುಮೋದನೆಯ ಮುದ್ರೆ. ಮುಂದಿನ ಎಡ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಭಾಗದಲ್ಲಿ ತಯಾರಿಕೆಯ ದೋಷವಿದೆ, ಅದು ಬಿರುಕು ಬಿಡುವ ಸಾಧ್ಯತೆಯಿದೆ, ಬದಲಿ ಭಾಗ ಲಭ್ಯವಾದಾಗ ಉಚಿತವಾಗಿ ಹಾಕಿಕೊಡಲಾಗುವುದು, ಅಲ್ಲಿಯವರೆಗೆ ವಾಹನವನ್ನು ಜಾಗರೂಕತೆಯಿಂದ ಚಲಾಯಿಸಿ. ಅಷ್ಟೇ ಇತ್ತು. ಇಪ್ಪತ್ತಾರು ವರ್ಷ ಅದನ್ನೇ ಕಲಿಸಿದ ಮನುಷ್ಯನಿಗೆ ಆ ಕೊನೆಯ ಸಾಲು ಅರ್ಥವಾಗಲಿಲ್ಲ. ಪತ್ರವನ್ನು ಮೂರು ಸಲ ಓದಿ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ನಾನು ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕೇಳಿಸಿಕೊಂಡೆ.

“ಕಾರು ಓಡಿಸಬಹುದಾ, ಬೇಡವಾ, ಅದೊಂದು ಹೇಳಿ ಮೇಡಂ.”

“ಜಾಗರೂಕತೆಯಿಂದ ಓಡಿಸಿ ಅಂತಿದೆ ಸರ್.”

“ಚಕ್ರ ಕಿತ್ಕೊಂಡು ಹೋಗೋದಾದ್ರೆ ಜಾಗರೂಕತೆ ಏನು ಮಾಡುತ್ತೆ?”

“ಓಡಿಸಬೇಡಿ ಅಂತ ಎಲ್ಲೂ ಬರೆದಿಲ್ಲ ಸರ್. ಬರೆದಿದ್ರೆ ನಾನೇ ಹೇಳ್ತಿದ್ದೆ.”

ಆಕೆಯದು ತಪ್ಪಿಲ್ಲ. ಎದುರಿಗಿದ್ದ ಹಾಳೆಯಲ್ಲಿ ಇದ್ದುದನ್ನು ಓದಿದರು.

ಶಬ್ದ ಶುರುವಾದದ್ದು ಜೂನ್ ಎರಡರಂದು. ‘ಎಡಗಡೆ ಯಾರೋ ಬಾಗಿಲು ತಟ್ಟಿದ ಹಾಗೆ ಟಕ್ ಅನ್ನುತ್ತೆ, ಇವರಿಗೆ ಮೊದಲು ಕೇಳಿಸಲಿಲ್ಲ’ ಎಂದು ಅಂದಿನ ಡೈರಿಯಲ್ಲಿದೆ. ಮರುದಿನದಿಂದ ಅವರಿಗೂ ಕೇಳಿಸಿತು. ಕಲಿಯುವವರನ್ನು ಅಂದಿನಿಂದ ರಸ್ತೆಗೆ ಒಯ್ಯಲಿಲ್ಲ. ಖಾಲಿ ಮೈದಾನದಲ್ಲಿ, ಮೊದಲನೆಯ ಗೇರಿನಲ್ಲಿ, ಸುತ್ತು ಹೊಡೆಸುತ್ತಿದ್ದರು. ಮೂವರು ಬೇಜಾರಾಗಿ ಬೇರೆ ಕಡೆ ಸೇರಿಕೊಂಡರು.

ಸರ್ವಿಸ್ ಸೆಂಟರಿಗೆ ನಾವು ನಾಲ್ಕು ಸಲ ಹೋದೆವು. ಆ ಶಬ್ದಕ್ಕೆ ಏನು ಸಂಕೋಚವೋ, ಅಲ್ಲಿನ ಗೇಟು ದಾಟಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಸಲದ ಮಾತುಕತೆ ಹೀಗಿತ್ತು. ಮಾತಾಡಿದವರು ಅಲ್ಲಿನ ಮೇಲ್ವಿಚಾರಕರು.

“ಎಲ್ಲಿ ಸಾರ್, ಬರ್ತಾನೇ ಇಲ್ವಲ್ಲ.”

“ಇಲ್ಲಿ ಸಪಾಟು ನೆಲ ಅಲ್ವಾ. ಎಡಗಡೆ ಒಬ್ಬರು ಕೂತಿರ್ಬೇಕು, ಹಂಪ್ ಇಳಿದು ಎಡಕ್ಕೆ ತಿರುಗಿಸ್ಬೇಕು, ಆವಾಗ ಬರುತ್ತೆ. ಹೊರಗೆ ರಸ್ತೆಗೆ ಬನ್ನಿ, ಕೇಳಿಸ್ತೀನಿ.”

“ಹೊರಗೆ ಆಗಲ್ಲ ಸಾರ್. ರೀಕಾಲ್ ಗಾಡೀನ ನಾವು ರಸ್ತೆಗೆ ಇಳಿಸೋ ಹಾಗಿಲ್ಲ. ಸೇಫ್ ಅಲ್ಲ ಅಂತ ರೂಲ್ಸ್ ಇದೆ.”

“ಮತ್ತೆ ನಾವು ಮನೆಗೆ ಹೇಗೆ ಹೋಗೋದು?” ಎಂದು ನಾನು ಕೇಳಿದೆ.

“ನೀವು ನಿಧಾನಕ್ಕೆ ಹೋಗಿ ಮೇಡಂ.”

ಮಾನ್ಯರೇ, ಈ ನಿಯಮ ನಿಮ್ಮದೇ. ಅದರ ಪ್ರತಿಯನ್ನು ಕೇಳಿ ತೆಗೆದುಕೊಂಡೆ. ತರಬೇತಿ ಪಡೆದ ಮೆಕ್ಯಾನಿಕ್ ಓಡಿಸಿದರೆ ಅಪಾಯವಾಗುವ ಕಾರು, ಮಾಲೀಕರು ಓಡಿಸಿದರೆ ಅಪಾಯವಲ್ಲದ್ದು ಹೇಗೆ? ಮೆಕ್ಯಾನಿಕ್‌ನ ಜೀವಕ್ಕೆ ಒಂದು ರೂಲ್ಸ್ ಇದೆ, ಸಂತೋಷ. ನಮ್ಮದಕ್ಕೆ ‘ಜಾಗರೂಕತೆಯಿಂದ’ ಎಂಬ ಒಂದು ಕ್ರಿಯಾವಿಶೇಷಣ ಇದೆ. ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ನೆನಪಿರುವುದು ಇಷ್ಟೇ, ಇಲ್ಲಿ ಉಪಯೋಗಕ್ಕೆ ಬಂತು.

ಅಕ್ಟೋಬರಿನಲ್ಲಿ ಬದಲಿ ಭಾಗಗಳು ಬಂದವು, ಆದರೆ ಎಲ್ಲರಿಗೂ ಸಾಲುವಷ್ಟಲ್ಲ. ಅದಕ್ಕೆ ನೀವು ಆದ್ಯತೆಯ ಪಟ್ಟಿ ಮಾಡಿದಿರಿ. ಶಬ್ದ ಬರುವ ವಾಹನಗಳಿಗೆ ಮೊದಲು. ಶಬ್ದ ಬರುತ್ತದೆ ಎಂಬುದಕ್ಕೆ ಸರ್ವಿಸ್ ಸೆಂಟರಿನ ದೃಢೀಕರಣ ಬೇಕು, ಇಲ್ಲವೇ ಮಾಲೀಕರು ಮಾಡಿದ ಸ್ಪಷ್ಟವಾದ ಧ್ವನಿಮುದ್ರಣ ಬೇಕು. ನಾನು ಐದು ತಿಂಗಳು ಬರೆದಿಟ್ಟ ಡೈರಿಯ ಪುಟಗಳನ್ನು ಕಳಿಸಿದೆವು. ಕೈಬರಹದ ಟಿಪ್ಪಣಿಗಳನ್ನು ಪರಿಗಣಿಸಲಾಗುವುದಿಲ್ಲ ಎಂದು ಉತ್ತರ ಬಂತು. ಸರಿ. ಹಾಳೆ ಶಬ್ದ ಮಾಡುವುದಿಲ್ಲ, ನಿಜ.

ನವೆಂಬರ್ ಒಂಬತ್ತು, ಭಾನುವಾರ ಬೆಳಿಗ್ಗೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಒಂದು ಗೋದಾಮಿಗಿಂತ ಎತ್ತರದಲ್ಲಿ ಹಾದುಹೋಗುವ ಇಳಿಜಾರು ರಸ್ತೆಯಲ್ಲಿ ಒಂದು ಹಂಪ್ ಇದೆ, ಅದನ್ನು ಇಳಿದ ಕೂಡಲೇ ರಸ್ತೆ ಎಡಕ್ಕೆ ತಿರುಗುತ್ತದೆ. ನಮ್ಮ ಕಾರು ತಪ್ಪದೆ ಶಬ್ದ ಮಾಡುತ್ತಿದ್ದ ಜಾಗ ಅದೊಂದೇ. ನಾನು ಎಡ ಸೀಟಿನಲ್ಲಿ ಫೋನ್ ಹಿಡಿದು ಕೂರುವುದೆಂದು ಮಾತಾಗಿತ್ತು. ಆದರೆ ಒಬ್ಬರು ಇಂಟರ್‌ವ್ಯೂಗೆ ಹಾಕಿಕೊಳ್ಳುವ ಪ್ಯಾಂಟಿನ ಉದ್ದ ಕಡಿಮೆ ಮಾಡಲು ಕೊಟ್ಟಿದ್ದರು, ಹನ್ನೊಂದಕ್ಕೆ ಬರುವವರಿದ್ದರು.

“ರೀ, ಒಂದು ಗಂಟೆ ತಡೀರಿ, ನಾನೂ ಬರ್ತೀನಿ.”

“ಆಮೇಲೆ ಲಾರಿಗಳು ಶುರುವಾಗ್ತವೆ, ಬರೀ ಹಾರ್ನೇ ರೆಕಾರ್ಡ್ ಆಗೋದು. ನಿನ್ನ ಬದಲು ನೀರಿನ ಕ್ಯಾನ್ ಕೂರಿಸ್ಕೊಂಡು ಹೋಗ್ತೀನಿ ಬಿಡು.”

“ಎಷ್ಟು ಕ್ಯಾನು?”

“ಎರಡು ಸಾಲ್ದು. ಮೂರನೇದಕ್ಕೆ ಜಾಗ ಇಲ್ಲ.”

“ವಾಪಸ್ ಬನ್ನಿ, ಇದೆ ನಿಮಗೆ.”

“ಇವು ಮಾತಾಡಲ್ಲ ಕಣೇ, ಅದೊಂದು ಅನುಕೂಲ.”

ಎರಡು ಕ್ಯಾನ್ ತುಂಬಿಸಿ ನನ್ನ ಸೀಟಿನಲ್ಲಿಟ್ಟರು. ಅವಕ್ಕೆ ಬೆಲ್ಟ್ ಹಾಕಿದರು. ಎಳೆದು ನೋಡಿದರು. ಎಷ್ಟು ಸಲ ಎಂದು ಬರೆಯುವ ಅಗತ್ಯವಿಲ್ಲ.

ಫೋನನ್ನು ಎಡಬದಿಯ ಬಾಗಿಲಿನ ಖಾನೆಯಲ್ಲಿ ಬಟ್ಟೆ ಸುತ್ತಿ ಸಿಕ್ಕಿಸಿದ್ದರು, ಕೈಯಲ್ಲಿ ಹಿಡಿದಿರಲಿಲ್ಲ. ವರದಿಯಲ್ಲಿ ಇದೂ ಇಲ್ಲ. ಧ್ವನಿಮುದ್ರಣ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಇದೆ. ‘ಒಂದನೇ ಸಲ’ ಎನ್ನುತ್ತಾರೆ, ಕಲಿಯುವವರಿಗೆ ಹೇಳುವ ಧ್ವನಿಯಲ್ಲಿ. ಆ ಸಲ ಯಾವುದೋ ಸ್ಕೂಟರಿನ ಹಾರ್ನ್ ಅಡ್ಡ ಬರುತ್ತದೆ. ಕಾರು ತಿರುಗಿಸಿಕೊಂಡು ಬಂದು ‘ಎರಡನೇ ಸಲ’ ಎನ್ನುತ್ತಾರೆ. ಟಕ್. ಸ್ವಲ್ಪ ಬಿಟ್ಟು ಇನ್ನೆರಡು. ‘ಹಾಂ, ಸಿಕ್ತು’ ಎನ್ನುತ್ತಾರೆ. ಖುಷಿಯಾಗಿದ್ದಾರೆ, ಗೊತ್ತಾಗುತ್ತದೆ. ಮತ್ತೆ ತಿರುಗಿಸಿಕೊಂಡು ಬಂದು ‘ಮೂರನೇ ಸಲ’ ಎನ್ನುತ್ತಾರೆ.

ಅದರ ನಂತರದ್ದನ್ನು ನಾನು ಬರೆಯುವುದಿಲ್ಲ. ನಿಮ್ಮಲ್ಲಿದೆ. ಚಕ್ರ ಮಡಚಿಕೊಂಡು, ಕಾರು ರಸ್ತೆ ಬದಿಯ ಕಂಬಿ ಮುರಿದು ಕೆಳಗಿನ ಗೋದಾಮಿನ ಅಂಗಳಕ್ಕೆ ಬಿತ್ತು. ಹನ್ನೆರಡು ಅಡಿ. ವೇಗ ಇಪ್ಪತ್ತೈದಕ್ಕಿಂತ ಕಡಿಮೆ ಇತ್ತು ಎಂದು ನಿಮ್ಮ ವರದಿಯ ಐದನೆಯ ಪುಟವೇ ಹೇಳುತ್ತದೆ. ಪ್ಯಾಂಟಿನವರು ಹನ್ನೊಂದಕ್ಕೆ ಬಂದರು. ಕೊಟ್ಟು ಕಳಿಸಿದೆ. ನನಗೆ ಆಗ ಗೊತ್ತಿರಲಿಲ್ಲ.

ಎಂಟು ದಿನದ ಮೇಲೆ ಫೋನ್ ನನ್ನ ಕೈಗೆ ಬಂತು. ಗಾಜು ಒಡೆದಿತ್ತು, ಕೆಲಸ ಮಾಡುತ್ತಿತ್ತು. ತೆರೆದರೆ ನಿಮ್ಮ ಅರ್ಜಿಯ ಪುಟವೇ ಬಂತು. ಹೆಸರು, ವಾಹನದ ಸಂಖ್ಯೆ, ಎಲ್ಲ ತುಂಬಿಸಿಟ್ಟಿದ್ದರು. ಧ್ವನಿಮುದ್ರಣ ಸೇರಿಸುವುದೊಂದು ಬಾಕಿ ಇತ್ತು. ಸೇರಿಸಿ ಕಳಿಸಿದೆ. ಯಾಕೆ ಎಂದು ಕೇಳಬೇಡಿ, ಅರ್ಧ ಹೊಲಿದದ್ದನ್ನು ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ನಾಲ್ಕೇ ದಿನದಲ್ಲಿ ಉತ್ತರ ಬಂತು. ಎಂಟು ತಿಂಗಳಲ್ಲಿ ನಿಮ್ಮಿಂದ ಅಷ್ಟು ಬೇಗ ಬಂದ ಉತ್ತರ ಅದೊಂದೇ. ‘ನೀವು ಕಳಿಸಿದ ಧ್ವನಿಮುದ್ರಣದಲ್ಲಿ ಶಬ್ದವು ಸ್ಪಷ್ಟವಾಗಿದೆ. ನಿಮ್ಮ ವಾಹನವನ್ನು ಆದ್ಯತೆಯ ಪಟ್ಟಿಗೆ ಸೇರಿಸಲಾಗಿದೆ. ಅಲ್ಲಿಯವರೆಗೆ ಜಾಗರೂಕತೆಯಿಂದ ಚಲಾಯಿಸಿ.’

ಅದನ್ನು ಓದಿ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಡೈರಿಯಲ್ಲಿ ‘ಪಟ್ಟಿಗೆ ಸೇರಿತು’ ಎಂದು ಬರೆದು ಮಲಗಿದೆ.

ಈಗ ನಿಮ್ಮ ಏಳನೆಯ ಪುಟಕ್ಕೆ ಬರುತ್ತೇನೆ. ‘ಅನಗತ್ಯವಾಗಿ ಪದೇ ಪದೇ.’ ನಾನು ಮುಚ್ಚಿಡುವುದಿಲ್ಲ. ನೀವು ಕೇಳಿದ್ದು ಒಂದು ಸ್ಪಷ್ಟವಾದ ಧ್ವನಿಮುದ್ರಣ. ಅದು ಎರಡನೆಯ ಸಲಕ್ಕೇ ಸಿಕ್ಕಿತ್ತು. ಮೂರನೆಯದು ನೀವು ಕೇಳಿದ್ದಲ್ಲ, ಅವರ ಅಭ್ಯಾಸ. ಅವರು ಅಲ್ಲಿಗೇ ನಿಲ್ಲಿಸಿ ಮನೆಗೆ ಬರಬಹುದಿತ್ತು ಎಂದು ನಾನು ನಿಮಗಿಂತ ಹೆಚ್ಚು ಸಲ ಯೋಚಿಸಿದ್ದೇನೆ. ಯೋಚಿಸುವುದು ಬಿಟ್ಟರೆ ನನಗೆ ಬೇರೆ ಕೆಲಸವೂ ಈಗ ಕಡಿಮೆ. ಆದರೆ ಮನೆಗೆ ಬರುವ ದಾರಿಯಲ್ಲೂ ಎರಡು ಹಂಪ್ ಇವೆ. ಎರಡನೆಯ ಸಲವೇ ಆ ಭಾಗ ಮುರಿದಿದ್ದರೆ ‘ಅಗತ್ಯವಾಗಿ ಚಲಾಯಿಸಿದ್ದಾರೆ’ ಎಂದು ಬರೆಯುತ್ತಿದ್ದಿರಾ? ಮೊದಲನೆಯ ಸಲ ಮುರಿದಿದ್ದರೆ? ಬಿರುಕು ಬಿಟ್ಟ ಕಬ್ಬಿಣ ಎಷ್ಟು ಸಲ ತಾಳುತ್ತದೆ ಎಂಬುದು ಗೊತ್ತಿರಬೇಕಾದದ್ದು ನಿಮಗೋ, ಡ್ರೈವಿಂಗ್ ಮೇಷ್ಟ್ರಿಗೋ? ಮೂರನೆಯ ಸಲ ಹೋದದ್ದು ಅವರ ತಪ್ಪು ಎನ್ನುವುದಾದರೆ ಅನ್ನಿ, ಒಪ್ಪುತ್ತೇನೆ. ಆ ಶಬ್ದ ಹುಡುಕಿಕೊಂಡು ಅವರನ್ನು ಆ ಉಬ್ಬಿನ ಮೇಲೆ ಕಳಿಸಿದ್ದು ಯಾರ ಸೂಚನೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಒಂಬತ್ತು ಪುಟಗಳಲ್ಲಿ ನಿಮ್ಮ ಸೂಚನೆಯ ಮಾತು ಒಂದು ಕಡೆಯೂ ಇಲ್ಲ. ಅದನ್ನು ಓದಿದವರಿಗೆ ನನ್ನ ಗಂಡ ರಜಾದಿನ ಹೊತ್ತು ಹೋಗದೆ ಉಬ್ಬು ಹತ್ತಿಳಿಯುತ್ತಿದ್ದರು ಎಂದು ಅನಿಸುತ್ತದೆ. ನಾನೂರಕ್ಕೂ ಹೆಚ್ಚು ಜನ ಅವರಿಂದ ಕಲಿತು ರಸ್ತೆಯಲ್ಲಿದ್ದಾರೆ. ಅವರೂ ಇದನ್ನು ಓದುತ್ತಾರೆ.

ಆ ನಾನೂರರಲ್ಲಿ ಒಬ್ಬಳು ನಮ್ಮ ಮೇಲಿನ ಮನೆಯಲ್ಲಿದ್ದಾಳೆ. ಆಸ್ಪತ್ರೆಯಲ್ಲಿ ನರ್ಸ್. ಕಲಿತ ಮೇಲೆ ಯಾವ ಕಾರು ತಗೊಳ್ಳಲಿ ಎಂದು ಇವರನ್ನು ಕೇಳಿದಳು. ಇವರು ತಮ್ಮದೇ ಮಾದರಿ ಹೇಳಿದರು. ಅವಳಿಗೂ ಆ ಪತ್ರ ಬಂದಿದೆ. ಅವಳ ಕಾರಿನಲ್ಲಿ ಶಬ್ದವಿಲ್ಲ, ಆದ್ದರಿಂದ ಅವಳು ನಿಮ್ಮ ಪಟ್ಟಿಯಲ್ಲೂ ಇಲ್ಲ. ಕಳೆದ ತಿಂಗಳು ಅವಳು ಕೆಳಗೆ ಬಂದು ಕೂತಿದ್ದಾಗ ಕಾರಿನ ಕೀ ಕೊಡು ಎಂದೆ. ಕೊಟ್ಟಳು. ನನ್ನ ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಬಂದಿದ್ದಳು.

“ಅಕ್ಕಾ, ಕೀ ಕೊಡ್ತೀರಾ? ಬಸ್ಸಲ್ಲಿ ನಿಂತು ನಿಂತು ಕಾಲು ಬಿದ್ದೋಗಿದೆ.”

“ಬೇಡ.”

“ನಿಧಾನಕ್ಕೆ ಓಡಿಸ್ತೀನಿ ಅಕ್ಕಾ.”

“ಅವರೂ ನಿಧಾನಕ್ಕೇ ಓಡಿಸ್ತಿದ್ದದ್ದು.”

ಅವಳು ಸ್ಟೂಲ್ ಎಳೆದುಕೊಂಡು ಕೂತಳು. “ಅಲ್ಲ, ಓಡಿಸಬೇಡಿ ಅಂತ ಅವರು ಬರೆದಿಲ್ವಲ್ಲ ಅಕ್ಕಾ. ಅಷ್ಟು ಅಪಾಯ ಇದ್ರೆ ಬರೀತಿರ್ಲಿಲ್ವಾ?”

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ಅವಳ ಹಾಗೆ ನಿಮ್ಮನ್ನು ನಂಬಿ ಓಡಿಸುತ್ತಿರುವವರು ಇನ್ನೂ ಎಷ್ಟು ಮಂದಿ ಎಂಬುದು ನಿಮ್ಮ ಕಡತದಲ್ಲಿದೆ. ಅವರೆಲ್ಲರ ಕೀಗಳನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಡಬ್ಬಿ ನನ್ನಲ್ಲಿಲ್ಲ.

ಪರಿಹಾರದ ಮಾತು ನಾನು ಎತ್ತಿಲ್ಲ, ಎತ್ತುವುದೂ ಇಲ್ಲ. ಯಾರನ್ನೂ ಕೆಲಸದಿಂದ ತೆಗೆಯಿರಿ ಎನ್ನುವುದಿಲ್ಲ. ಏಳನೆಯ ಪುಟದಲ್ಲಿ ‘ಅನಗತ್ಯವಾಗಿ ಪದೇ ಪದೇ’ ಎಂಬುದನ್ನು ಹೊಡೆದುಹಾಕಿ, ‘ನಮ್ಮ ಕಚೇರಿ ಕೇಳಿದ ಧ್ವನಿಮುದ್ರಣಕ್ಕಾಗಿ’ ಎಂದು ಬರೆಯಿರಿ. ಭಾಗ ಸಿಗದ ಎಲ್ಲರಿಗೂ, ಶಬ್ದ ಬರಲಿ ಬಿಡಲಿ, ಇನ್ನೊಂದು ಪತ್ರ ಕಳಿಸಿ. ಅದರಲ್ಲಿ ಒಂದೇ ಪದ ಸಾಕು: ‘ಓಡಿಸಬೇಡಿ.’ ನಿಮ್ಮ ಮೆಕ್ಯಾನಿಕ್‌ಗಳಿಗೆ ಈಗಾಗಲೇ ಹೇಳಿರುವ ಮಾತೇ ಅದು, ಹೊಸದಾಗಿ ಯೋಚಿಸಬೇಕಿಲ್ಲ.

ಮೇಲಿನ ಮನೆಗೆ ಆ ಪತ್ರ ಬಂದ ದಿನ ಕೀ ವಾಪಸ್ ಕೊಡುತ್ತೇನೆ. ಆಮೇಲೆ ಅವಳನ್ನು ತಡೆಯಲು ನಿಮ್ಮ ಆ ಒಂದು ಪದವೇ ಸಾಕು, ಕೀ ಇಟ್ಟುಕೊಳ್ಳಬೇಕಾದವಳು ನಾನಲ್ಲ.

ಇಂತಿ,
ನಿಮ್ಮ ಆದ್ಯತೆಯ ಪಟ್ಟಿಯಲ್ಲಿ ಇನ್ನೂ ಇರುವ ಕಾರಿನ
ಎಡ ಸೀಟಿನವಳು