ಒಂದೇ ಪರೀಕ್ಷೆಗೆ ಎರಡು ಬಿಲ್ಲು

ಡೊಂಬಿವಲಿ ಪೂರ್ವ
9 ನವೆಂಬರ್ 2025, ರವಿವಾರ

ಮಗಳೇ ವೈಶಾಲಿ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಅದು ನನಗೆ ಸುಲಭ. ಆಸ್ಪತ್ರೆ, ಔಷಧ, ಐದು ದಿನ ಹನಿಹನಿಯಾಗಿ ಏರಿಸಿದ ಆ ದುಬಾರಿ ಬಾಟಲಿಗಳು, ಆಂಬ್ಯುಲೆನ್ಸು, ಎಲ್ಲ ಸೇರಿ ಒಂಬತ್ತು ಲಕ್ಷ ಎಪ್ಪತ್ತು ಸಾವಿರ. ವಿಮೆಯವರು ಕೊಟ್ಟದ್ದು ನಾಲ್ಕು. ನನ್ನ ಚಿನ್ನದ ಬಳೆ, ಬಿಲ್ವಾರ, ಹೋದವು, ನಿಮ್ಮಪ್ಪನ ಎಫ್‌ಡಿ ಹೋಯಿತು. ನಿನ್ನ ತಲೆಯಿಂದ ಏಳು ವಾರದ ನೆನಪು ಹೋಯಿತು. ಆಗಸ್ಟಿನಲ್ಲಿ ನೀನೇ ಹೋದೆ. ಈ ಕೊನೆಯದನ್ನು ಎಲ್ಲಿ ಬರೆಯಬೇಕೋ ತಿಳಿಯದೆ ಮೂರು ತಿಂಗಳು ಸುಮ್ಮನೆ ಕೂತಿದ್ದೆ.

ನೀನು ಕನ್ನಡ ಮಾತಾಡುತ್ತೀ, ಓದಲಾರೆ. ಓದಿ ಹೇಳುವವರು ನಿಮ್ಮಪ್ಪ. ಅಂಬಾರಾಯ ಬೀಗರೇ, ನಿಮಗೂ ಶರಣು. ನಡುವೆ ನಿಮ್ಮ ಹೆಸರು ಬರುತ್ತದೆ, ಅಲ್ಲಿ ದನಿ ತಗ್ಗಿಸಬೇಡಿ, ಹಾಳೆ ಹಾರಿಸಬೇಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತು ಗೆದ್ದುಬಿಡುತ್ತೇನೆ, ಅದಕ್ಕೇ ಕಾಗದ.

ನೀನು ಖಾರಘರಕ್ಕೆ, ಅಪ್ಪನ ಮನೆಗೆ ಹೋದದ್ದು ವಿಶ್ರಾಂತಿಗೆ. ತಿರುಗಿ ಬಾರದೆ ಉಳಿದದ್ದು ಒಂದು ಹಾಳೆಗಾಗಿ. ವಿಮೆಗೆಂದು ಫೈಲು ಬಿಚ್ಚಿದಾಗ ಅದು ನಿನಗೆ ಸಿಕ್ಕಿತು: ಬೆನ್ನುಹುರಿಯ ನೀರಿನ ಪರೀಕ್ಷೆ ನಮಗೆ ಬೇಡ, ಮುಂದಾಗುವುದಕ್ಕೆ ನಾವೇ ಹೊಣೆ ಅಂತ. ಕೆಳಗೆ ನನ್ನ ಮಗ, ನಿನ್ನ ಗಂಡ, ಪ್ರಭುದೇವನ ಸಹಿ. ನೀನು ಕೇಳಿದ್ದಕ್ಕೆ ಅವನು ಸಹಿ ನನ್ನದೇ ಅಂದ, ಮತ್ತೆ ಬಾಯಿ ತೆರೆಯಲಿಲ್ಲ. ನೀನು ದೀಪಾವಳಿಗೂ ಬರಲಿಲ್ಲ. ಬರುವ ವಾರ ವಕೀಲರನ್ನು ಕಾಣುತ್ತೀಯೆಂದು ಕೇಳಿದೆ. ಅದಕ್ಕೆ ಮೊದಲು, ನಿನಗೆ ನೆನಪಿಲ್ಲದ ಆ ಏಳು ವಾರ ನನ್ನ ಹತ್ತಿರ ಇವೆ, ತೆಗೆದುಕೋ.

ಫೆಬ್ರುವರಿಯಲ್ಲಿ ನಿನಗೆ ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ದಿನಾ ಠಾಣೆಯಲ್ಲಿ ರೈಲುಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುವವಳು ಒಂದು ದಿನ ಉಲ್ಟಾ ಗಾಡಿ ಹತ್ತಿ ಬದಲಾಪುರ ಸ್ಟೇಷನ್ನಿನ ಬಾಕಿನ ಮೇಲೆ ಸಂಜೆಯವರೆಗೆ ಕೂತಿದ್ದೆ. ಪ್ರಭು ಹುಡುಕಿ ಕರೆತಂದ. ಅದರ ಮರುದಿನ ಶನಿವಾರ. ಅಂಗಡಿ ತುಂಬ ಗಿರಾಕಿ. ನೀನು ದುಡ್ಡಿನ ಗಲ್ಲೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಇವರ ರೊಟ್ಟಿ ತಿನ್ನಬ್ಯಾಡ್ರಿ. ಹಿಟ್ಟಿನಾಗ ವಿಷ ಹಾಕ್ತಾರ.” ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ತಗಡಿನ ಡಬ್ಬಿಯಲ್ಲಿಟ್ಟು ಮಾರಿದ ರೊಟ್ಟಿಯಿಂದ ಬೆಳೆಸಿದ ಅಂಗಡಿ, ಮೂವತ್ತು ವರ್ಷದ್ದು. ಸೋಮವಾರ ಎರಡು ಕ್ಯಾಂಟೀನಿನವರು ಆರ್ಡರು ನಿಲ್ಲಿಸಿದರು.

ಮೊದಲ ಡಾಕ್ಟರು ಮನಸ್ಸಿನ ಕಾಯಿಲೆ ಅಂದರು. ಆಮೇಲೆ ಠಾಣೆಯ ದೊಡ್ಡಾಸ್ಪತ್ರೆಯಲ್ಲಿ ನರರೋಗದ ಡಾಕ್ಟರ್ ದಿಶಾ. ಬಾಯಲ್ಲಿ ಏನೂ ಇಲ್ಲದೆ ನೀನು ಜಗಿಯುತ್ತಿರುವುದನ್ನು ನೋಡಿ ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಇದು ಹುಚ್ಚಲ್ಲ, ಮೈ ಕಾಯುವ ಪಹರೆಯವರೇ ಮಿದುಳಿನ ಮೇಲೆ ಬಿದ್ದಿರಬಹುದು ಅಂದಳು. ಮಿದುಳಿನ ಕಣಗಳ ಮೇಲೆ ಸುದ್ದಿ ಹಿಡಿಯುವ ಸಣ್ಣ ಕೊಂಡಿಗಳಿರುತ್ತವಂತೆ, ರಿಸೆಪ್ಟರ್ ಅಂತಾರೆ. ರೋಗದ ಹುಳ ಹಿಡಿಯಲು ಮೈ ತಯಾರಿಸುವ ಆ್ಯಂಟಿಬಾಡಿಗಳು ತಪ್ಪಿ ಆ ಕೊಂಡಿಗಳಿಗೇ ಅಂಟಿಕೊಂಡು ಅವುಗಳನ್ನು ಒಳಗೆ ಎಳೆದುಹಾಕುತ್ತವೆ. ಆಗ ಮನುಷ್ಯ ಇದ್ದದ್ದು ಇಲ್ಲವೆನ್ನುತ್ತಾನೆ, ಇಲ್ಲದ್ದು ಕಾಣುತ್ತಾನೆ. ಲ್ಯಾಬಿನಲ್ಲಿ ಅದೇ ಕೊಂಡಿ ಇರುವ ಕಣಗಳನ್ನು ಗಾಜಿನ ಮೇಲಿಟ್ಟು ರೋಗಿಯ ರಕ್ತದ ತಿಳಿ ಹನಿಸುತ್ತಾರೆ. ಆ್ಯಂಟಿಬಾಡಿ ಇದ್ದರೆ ಕಚ್ಚಿಕೊಳ್ಳುತ್ತದೆ. ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಹೊಳೆಯುತ್ತದೆ. ರಕ್ತ ಕೊಟ್ಟೆವು. ನಾಲ್ಕು ದಿನಕ್ಕೆ ವರದಿ ಬಂತು: ಇಲ್ಲ.

ದಿಶಾ ಬಿಡಲಿಲ್ಲ. ಅದೇ ಪರೀಕ್ಷೆಯನ್ನು ಬೆನ್ನುಹುರಿಯ ನೀರಿನಲ್ಲಿ ಮಾಡಿಸಬೇಕು ಅಂದಳು. ನಾನು ಹಳೆಯ ರಸೀದಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರಭುವಿನಿಂದ ಓದಿಸಿದೆ. ಪರೀಕ್ಷೆಯ ಹೆಸರು ಒಂದೇ. ಒಂದೇ ಜೋಳದ ಚೀಲಕ್ಕೆ ಎರಡು ಬಿಲ್ಲು ಹಿಡಿದು ಬಂದವರನ್ನು ಎಷ್ಟು ಮಂದಿಯನ್ನು ಓಡಿಸಿಲ್ಲ ನಾನು. ಒಮ್ಮೆ ತೂಗಿದ ಮಾಲನ್ನು ಇನ್ನೊಂದು ತಕ್ಕಡಿಯಲ್ಲಿ ತೂಗಿದರೆ ಹೆಚ್ಚಾಗುತ್ತದೆಯೇ ಅಂತ ಅವಳನ್ನೂ ಕೇಳಿದೆ. ಅವಳು ಸಿಟ್ಟಾಗಲಿಲ್ಲ. ಮರಾಠಿಯಲ್ಲಿ ಮೆತ್ತಗೆ ಹೇಳಿದಳು: “ಆಜಿ, ಕಲ್ಯಾಣ ಸ್ಟೇಷನ್ನಿನ ಗರ್ದಿಯಲ್ಲಿ ಕಳ್ಳ ಸಿಗಲಿಲ್ಲ ಅಂದರೆ ಕಳ್ಳ ಇಲ್ಲ ಅಂತಲ್ಲ. ಅವನು ಇರುವ ಖೋಲಿಯಲ್ಲೇ ನೋಡಬೇಕು.” ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡಿ ಮಾರುವವರನ್ನು ನಾನು ನಂಬುವುದಿಲ್ಲ, ನಾನೂ ಅಂಥವಳೇ.

ಬೇಡವೆನ್ನುವ ಫಾರಂ ಬಂತು. ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು. ನನಗೆ ಇಂಗ್ಲಿಷ್ ಬಾರದು, ಬ್ಯಾಂಕಿನದು ಜಿಎಸ್‌ಟಿಯದು ಎಲ್ಲ ಪ್ರಭುವಿನ ಹೆಸರಿನಲ್ಲಿ. ಸಹಿಯ ಜಾಗ ತೋರಿಸಿ ನಾನು ಬೆರಳಿಡುತ್ತೇನೆ, ಅವನು ಓದದೆ ಸಹಿ ಹಾಕುತ್ತಾನೆ. ಅವತ್ತು ಮಾತ್ರ ಓದಿದ. “ಅವ್ವಾ, ಮಾಡ್ಸೂಣು,” ಅಂದ. ನಾನು ಬೆರಳು ತೆಗೆಯಲಿಲ್ಲ. ಇನ್ನೊಮ್ಮೆ ಅಂದ. ಆಮೇಲೆ ಸಹಿ ಹಾಕಿದ. ಹಾಗಂತ ಅವನನ್ನು ಪೂರಾ ಬಿಡಬೇಡ. ಮೂವತ್ತನಾಲ್ಕು ವರ್ಷದ ಗಂಡಸು, ಅಡ್ಡ ಇದ್ದದ್ದು ಒಂದು ಬೆರಳು. ಆದರೆ ನೀನು ನೋಡಿದ ಹಾಳೆಯಲ್ಲಿ ಸಹಿ ಉಳಿದಿದೆ, ಬೆರಳು ಉಳಿದಿಲ್ಲ. ಅದು ಯಾರದೆಂದು ಹೇಳಲು ಇಷ್ಟು ಬರೆದೆ.

ನಿನ್ನನ್ನು ಮನೆಗೆ ತಂದು ನಿದ್ದೆಗುಳಿಗೆ ಕೊಟ್ಟು ಮಲಗಿಸಿದೆವು. ಹೀಗೆ ಹನ್ನೊಂದು ದಿನ. ನೋಡಲು ಬಂದವರಿಗೆಲ್ಲ ನಾನು ಹೇಳಿದೆ, ಹುಡುಗಿಗೆ ಮೊದಲಿನಿಂದಲೇ ಇತ್ತು, ಅಂಬಾರಾಯ ಮುಚ್ಚಿಟ್ಟು ನಮ್ಮ ಕೊರಳಿಗೆ ಕಟ್ಟಿದ ಅಂತ. ಬೀಗರೇ, ನಿಮ್ಮ ಹೆಸರು ಬಂದದ್ದು ಇಲ್ಲಿ. ಅದು ಸುಳ್ಳು. ಹೇಳಿದ ಮನೆಗಳಿಗೆಲ್ಲ ಮತ್ತೆ ಹೋಗಿ ಸುಳ್ಳೆಂದು ಹೇಳಿ ಬಂದಿದ್ದೇನೆ. ಚಹಾ ಕೊಟ್ಟವರು ಕಮ್ಮಿ. ಉಲ್ಲಾಸನಗರದ ಒಂದು ಮನೆ ಉಳಿದಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ನಿನಗೆ ಫಿಟ್ಸು ಬಂತು. ಸುದ್ದಿ ತಿಳಿದು ನಿಮ್ಮಪ್ಪ ಬಂದರು, ನನ್ನನ್ನು ಒಂದು ಮಾತೂ ಕೇಳಲಿಲ್ಲ, ಪ್ರಭುವಿನ ಜೊತೆ ಸೇರಿ ನಿನ್ನನ್ನು ಎತ್ತಿ ಠಾಣೆಯ ಆಸ್ಪತ್ರೆಗೆ ಒಯ್ದರು. ಸಹಿ ಅವರೇ ಹಾಕಿದರು. ದಿಶಾ ಬೆನ್ನಿನಿಂದ ಎರಡು ಚಮಚೆಯಷ್ಟು ತಿಳಿನೀರು ತೆಗೆದಳು, ವರದಿಗೆ ಕಾಯದೆ ಅವತ್ತೇ ಔಷಧ ಶುರು ಮಾಡಿದಳು. ಮೂರನೆಯ ದಿನ ವರದಿ ಬಂತು: ಇದೆ. ಲ್ಯಾಬಿನವರು ಕಳಿಸಿದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ಕರಿ ಕಂಬಳಿಯ ಮೇಲೆ ಹೆಸರುಕಾಳು ಚೆಲ್ಲಿದ ಹಾಗೆ ಹಸಿರು. ಗಲ್ಲೆಯ ಮುಂದೆ ನಿಂತು ನನ್ನ ಹಿಟ್ಟನ್ನು ದೂರಿದ್ದು ಅದು, ನೀನಲ್ಲ.

ಹನ್ನೊಂದು ದಿನ ಮೊದಲೇ ಮಾಡಿಸಿದ್ದರೆ ಅಂತ ಕೇಳಿದೆ. ಬೇಗ ಆದಷ್ಟು ಒಳ್ಳೆಯದಿತ್ತು, ಎಷ್ಟು ಒಳ್ಳೆಯದೆಂದು ಯಾರೂ ಅಳೆದು ಕೊಡಲಾರರು ಅಂದಳು. ಈಗಲೂ ನಿನ್ನ ಬರೆಯುವ ಕೈ ನಡುಗುತ್ತದಂತೆ, ಗೊತ್ತಿದ್ದವರ ಹೆಸರು ಮರೆಯುತ್ತೀಯಂತೆ. ಅದರಲ್ಲಿ ನನ್ನ ಪಾಲೆಷ್ಟೋ ಗೊತ್ತಿಲ್ಲ. ಇಲ್ಲವೆಂದು ಮಾತ್ರ ಹೇಳಲಾರೆ.

ಬಾ ಅಂತ ಕರೆಯುವುದಿಲ್ಲ. ವಕೀಲರ ಹತ್ತಿರ ಹೋಗುವ ಮೊದಲು ಪ್ರಭುವನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು ಕೇಳು. ಈ ಕಾಗದದ ಸುದ್ದಿ ಅವನಿಗೆ ಗೊತ್ತಿಲ್ಲ. ನೀವಿಬ್ಬರೂ ಖಾರಘರದಲ್ಲೇ ಬೇರೆ ಮನೆ ಮಾಡುತ್ತೀರೆಂದರೆ ಇನ್ನೂ ಒಳ್ಳೆಯದು. ನೀವು ಕರೆದರೆ ನಾನು ಬರುತ್ತೇನೆ, ಕರೆಯದಿದ್ದರೆ ಇಲ್ಲ.

ನಿನ್ನ ಅತ್ತೆಯಾಗಿದ್ದವಳು,
ರುದ್ರವ್ವ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಬಿಲ್ಲಿನ ಕಥೆ ಅರ್ಧ ನಿಜ. ಆ ಪರೀಕ್ಷೆಗೆ ಒಂಬತ್ತು ಸಾವಿರ, ನನ್ನ ಒಂದು ಶನಿವಾರದ ವ್ಯಾಪಾರ. ರೋಗ ಅಂತ ಗೊತ್ತಾದರೆ ನಿನ್ನ ಮಾತನ್ನು ಕ್ಷಮಿಸಬೇಕಾಗುತ್ತಿತ್ತು. ನನಗೆ ಕ್ಷಮಿಸುವುದು ಬೇಕಿರಲಿಲ್ಲ. ಆ ಹನ್ನೊಂದು ದಿನದೊಳಗೆ ಸೋಲಾಪುರದ ಕಡೆಯಿಂದ ಪ್ರಭುವಿಗೆ ಬೇರೊಂದು ಹುಡುಗಿಯ ಫೋಟೋ ತರಿಸಿದ್ದೆ. ಅವನಿಗೂ ಗೊತ್ತಿಲ್ಲ. ಇದನ್ನೂ ತಿಳಿದುಕೊಂಡೇ ನೀನು ತೀರ್ಮಾನ ಮಾಡು.

ಕೊನೆಗೆ ಯಾರಿಗೆ ಏನು ಸಿಕ್ಕಿತೆಂದರೆ: ಲ್ಯಾಬಿನವರಿಗೆ ದುಡ್ಡು. ನಿಮ್ಮಪ್ಪನಿಗೆ ಮಗಳು. ನಿನಗೆ ಜೀವ, ಏಳು ವಾರ ಕಮ್ಮಿ. ಪ್ರಭುವಿಗೆ ನನ್ನ ತಪ್ಪು. ಸೋಲಾಪುರದ ಹುಡುಗಿಗೆ ಅವಳ ಫೋಟೋ. ನನಗೆ ಅಂಗಡಿ.