ಒಂದು ಕಿಟಕಿ, ಎರಡು ಕುರ್ಚಿ

ಮನೆಯಿಂದ,
ಬುಧವಾರ, ಸಂಜೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತಾ? ಕಣ್ಣಿನ ಹನಿ ಮುಗಿದಿದ್ದರೆ ಇನ್ನೊಂದು ಸೀಸೆ ತಂದುಕೋ, ಖಾಲಿ ಸೀಸೆಯನ್ನು ತಲೆಕೆಳಗೆ ಹಿಡಿದು ಕೊನೆಯ ತೊಟ್ಟಿಗಾಗಿ ಕಾಯುತ್ತ ಕೂರಬೇಡ. ನಿನ್ನ ಗೆಳೆಯರ ಗಡಿಯಾರದಂಗಡಿಯ ಮೇಲಿನ ಕೋಣೆಯಲ್ಲಿ ಗಾಳಿ ಆಡುತ್ತದೆಯೇ ಎಂದು ಫೋನಿನಲ್ಲಿ ಕೇಳುವಷ್ಟರಲ್ಲಿ ‘ಗಿರಾಕಿ ಬಂದ್ರು’ ಅಂತ ನೀನು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಇದನ್ನು ಮಧ್ಯದಲ್ಲಿ ಇಟ್ಟುಬಿಡಲು ಗಿರಾಕಿಯ ನೆಪ ಸಾಲದು. ಅಮ್ಮ ಚೆನ್ನಾಗಿದ್ದಾಳೆ, ಮೊಣಕಾಲು ಎಂದಿನಂತೆ ಗೊಣಗುತ್ತಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಸೋಮವಾರ ನನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ ಎಲ್ಲರೆದುರು ವಿವರಿಸಬೇಕು.

ಮನೆ ಕಟ್ಟಿ ನೋಡು ಅನ್ನುತ್ತಾರೆ. ಮನೆಯ ನಕ್ಷೆ ಬರೆದು ನೋಡು ಅಂತ ಯಾಕೆ ಯಾರೂ ಅನ್ನಲಿಲ್ಲವೋ, ಅಂದಿದ್ದರೆ ನಾನು ವಾಸ್ತುಶಿಲ್ಪದ ಕಾಲೇಜಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನಮಗೆ ವಿನ್ಯಾಸದ ಮೂಲಪಾಠ ಹೇಳುವವರನ್ನು ನಾವು ರಬ್ಬರ್ ಮೇಷ್ಟ್ರು ಅನ್ನುತ್ತೇವೆ, ಯಾವ ನಕ್ಷೆ ತೋರಿಸಿದರೂ ಅವರ ಮೊದಲ ಮಾತು ‘ಅಳಿಸು’. ಅಳತೆ ಶುರುವಾಗುವುದು ಟೇಪಿನಿಂದಲ್ಲ, ಅಲ್ಲಿ ಕೂರುವ ಮನುಷ್ಯನಿಂದ ಎಂದು ಮೊದಲ ತಿಂಗಳೆಲ್ಲ ನಮ್ಮ ತೋಳು, ಮೊಣಕೈ, ಮೊಣಕಾಲುಗಳನ್ನೇ ಅಳೆಸಿದರು. ಈಗ ನಮ್ಮ ಸ್ವಂತ ಮನೆಯ ಒಂದು ಕೋಣೆಯನ್ನು, ಗೋಡೆ ಮುಟ್ಟದೆ, ಅಲ್ಲಿರುವ ಜನಕ್ಕೆ ಒಗ್ಗುವಂತೆ ಸರಿಮಾಡಬೇಕು. ನಾನು ಮುಂದಿನ ಕೋಣೆ ಆರಿಸಿಕೊಂಡೆ. ‘ಎಷ್ಟು ಜನ ಇದೀರಿ?’ ಎಂದು ಕೇಳಿದರು. ಮೂರು ಎಂದೆ. ಆಮೇಲೆ ಎರಡು ಎಂದೆ. ‘ಮನೇಲಿರೋರನ್ನ ಎಣಿಸೋಕೂ ಇಷ್ಟು ಕಷ್ಟನಾ?’ ಅಂದರು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ಕೋಣೆಯ ಕಥೆ ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನ ಗಡಿಯಾರ ರಿಪೇರಿಯ ಅಂಗಡಿಯಿದ್ದ ಕಟ್ಟಡ ಕೆಡವಿದಾಗ ನೀನು ಮೇಜು, ಭೂತಗನ್ನಡಿ, ಟಿಕ್ ಟಿಕ್ ಅನ್ನುವ ಸಂಸಾರವನ್ನೆಲ್ಲ ಹೊತ್ತು ಮನೆಗೆ ಬಂದೆ. ಇದ್ದದ್ದು ಒಂದೇ ಒಳ್ಳೆಯ ಕಿಟಕಿ, ಅಲ್ಲಿ ಅಮ್ಮನ ಹೊಲಿಗೆ ಯಂತ್ರ. ಸೂಜಿಗೂ ಬೆಳಕು ಬೇಕು, ಸ್ಪ್ರಿಂಗಿಗೂ ಬೆಳಕು ಬೇಕು. ಇಬ್ಬರೂ ಕಿಟಕಿಗೆ ಮುಖ ಮಾಡಿ ಪಕ್ಕಪಕ್ಕ ಕೂತಿರಿ. ನಿನ್ನ ಮೊಣಕೈ ಅವಳಿಗೆ, ಅವಳ ಮೊಣಕೈ ನಿನಗೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಿಮ್ಮದು ಉಂಡು ಮಲಗಿ ಎದ್ದ ಮೇಲೂ ಅದೇ ಕಿಟಕಿಯ ಹತ್ತಿರ ಕಾದಿರುತ್ತಿತ್ತು. ಕೊನೆಗೆ ನಿನ್ನ ಕೈಯಿಂದ ಹಾರಿದ ಸ್ಪ್ರಿಂಗ್ ಯಾರದೋ ಅಂಗಿಯ ಅಂಚಿನೊಳಗೆ ಸೇರಿ ಹೊಲಿದುಹೋಯಿತಲ್ಲ, ಅವರು ಅಂಗಿ ತಂದು ಅಮ್ಮನ ಮುಖಕ್ಕೆ ಹಿಡಿದರಲ್ಲ. ಆಮೇಲೆ ‘ಸ್ವಲ್ಪ ದಿನ ಗೆಳೆಯನ ಅಂಗಡೀಲೇ ಕೆಲಸ ಮಾಡ್ತೀನಿ’ ಎಂದು ಹೋದವನು ನೀನು. ಸ್ವಲ್ಪ ದಿನ ಅಂದರೆ ಎಷ್ಟು ಅಂತ ಅಮ್ಮ ಕೇಳಲಿಲ್ಲ, ನೀನು ಹೇಳಲಿಲ್ಲ. ನನಗೆ ಮಾತ್ರ ದಿನವೂ ಹೆದರಿಕೆ.

ನಾನು ಮೊದಲು ಕಿಟಕಿಯನ್ನು ಸಮವಾಗಿ ಪಾಲು ಮಾಡಿದೆ. ‘ಸಮಪಾಲು ಬೇರೆ, ಸಮತೋಲನ ಬೇರೆ. ಅಳಿಸು’ ಅಂದರು ಮೇಷ್ಟ್ರು. ಆಮೇಲೆ ಉದ್ದನೆಯ ಮೇಜೊಂದನ್ನು ಕಿಟಕಿಯಿಂದ ಒಳಕ್ಕೆ ಚಾಚಿ, ಎರಡು ಕಡೆ ಎದುರುಬದುರು ಕುರ್ಚಿ ಹಾಕಿದೆ. ಕಾಗದದ ಮೇಲೆ ಬಲು ಚೆಂದ ಕಂಡಿತು. ಅವರು ಬೆರಳಿಟ್ಟು ಕೇಳಿದರು: ‘ಅಮ್ಮನಿಗೆ ಬೆಳಕು ಎಡಗಡೆಯಿಂದ ಬರುತ್ತೆ, ಸರಿ. ಎದುರಿಗಿರೋರಿಗೆ ಬಲಗಡೆಯಿಂದ ಬರುತ್ತೆ. ಅವರ ಕೈ ನೆರಳು ಅವರ ಕೆಲಸದ ಮೇಲೇ ಬೀಳಲ್ವಾ? ಚಿತ್ರ ಚೆನ್ನಾಗಿರಲಿ ಅಂತ ಮನುಷ್ಯನ್ನ ಕತ್ತಲಲ್ಲಿ ಕೂರಿಸ್ತೀಯಾ?’ ಮನೆಗೆ ಬಂದು, ನಿನ್ನ ಕುರ್ಚಿ ಬರಬೇಕಾದ ಜಾಗದಲ್ಲಿ ಕೂತು, ನೀನು ಬಿಟ್ಟುಹೋದ ಪುಟ್ಟ ತಿರುಪುಳಿ ಹಿಡಿದು ನೋಡಿದೆ. ಮೇಷ್ಟ್ರು ಹೇಳಿದ್ದು ನಿಜ, ಕೈಯ ನೆರಳು ಸರಿಯಾಗಿ ಅದರ ತುದಿಗೇ ಬಿತ್ತು. ಅಳು ಬಂತು. ಕಣ್ಣೊರೆಸಿಕೊಳ್ಳಲು ತಿರುಪುಳಿಯನ್ನು ಎಡಗೈಗೆ ಬದಲಿಸಿದೆ ನೋಡು, ನೆರಳು ಮಾಯ. ಅಪ್ಪಾ, ನೀನು ಎಡಚ. ಹುಟ್ಟಿದಾಗಿನಿಂದ ಕಂಡ ಕೈಯನ್ನೇ ಮರೆತು ನಾನು ಬಲಗೈಯವರ ಲೆಕ್ಕದಲ್ಲಿ ಕಂಗಾಲಾಗಿದ್ದೆ. ಎದುರುಬದುರು ಕೂತರೆ ನಿಮ್ಮಿಬ್ಬರಿಗೂ ಬೆಳಕು ಸರಿಯಾಗಿದೆ, ಮೊಣಕೈ ತಗುಲುವುದಿಲ್ಲ. ನಡುವೆ ಒಂದು ಸಣ್ಣ ಅಂಚುಪಟ್ಟಿಯನ್ನೂ ಬರೆದಿದ್ದೇನೆ, ಸ್ಪ್ರಿಂಗ್ ಹಾರಿದರೆ ನಿನ್ನ ಕಡೆಯೇ ಉಳಿಯಲಿ ಅಂತ.

ಈಗ ಹೆದರಿಕೆ ಬೇರೆಯದು. ನಮ್ಮಲ್ಲಿ ಮೊದಲು ಪೆನ್ಸಿಲಿನಲ್ಲಿ ಬರೆಯುತ್ತೇವೆ, ಖಚಿತವಾದದ್ದಕ್ಕೆ ಮಾತ್ರ ಶಾಯಿ. ಉಳಿದ ಪೆನ್ಸಿಲ್ ಗೆರೆಗಳನ್ನೆಲ್ಲ ಸೋಮವಾರಕ್ಕೆ ಮೊದಲು ಅಳಿಸಬೇಕು. ಗೋಡೆ, ಕಿಟಕಿ, ಅಮ್ಮನ ಕುರ್ಚಿ ಎಲ್ಲಕ್ಕೂ ಶಾಯಿ ಹಾಕಿಯಾಗಿದೆ. ಎದುರಿನ ಕುರ್ಚಿ ಮಾತ್ರ ಇನ್ನೂ ಪೆನ್ಸಿಲಿನಲ್ಲೇ ಇದೆ. ಇಲ್ಲಿ ಇರುವವರು ಯಾರು ಎಂದು ಮೇಷ್ಟ್ರು ಕೇಳಿದರೆ ಏನು ಹೇಳಲಿ?

ಬಿಸಿಲಿಗೆ ಟೋಪಿ ಇಲ್ಲದೆ ತಿರುಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಹತ್ತು ಗಡಿಯಾರದ ನಡುವೆ ಕೂತವನಿಗೆ ಹೊತ್ತು ಗೊತ್ತಾಗಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ನಿನ್ನ ಗೆಳೆಯರಿಗೆ ನನ್ನ ನಮಸ್ಕಾರ.

ನಿನ್ನ ಹಿಂದೆಯೇ ನಿಧಾನಕ್ಕೆ ತಿರುಗುತ್ತಿದ್ದ,
ಚಿಕ್ಕಮುಳ್ಳು

ಮರೆತಿದ್ದೆ: ಪತ್ರ ಒಯ್ಯುವ ಬಸ್ಸಿನ ಡ್ರೈವರ್ ಹಾರನ್ ಹೊಡೆಯುತ್ತಿದ್ದಾರೆ, ಗೀಚುತ್ತಿದ್ದೇನೆ. ನಿನ್ನೆ ಅಮ್ಮ ನಕ್ಷೆ ನೋಡಿ ‘ಎದುರಿಗೆ ಯಾರು?’ ಅಂದಳು. ನಾನು ಪೆನ್ಸಿಲ್ ಚೂಪು ಮಾಡತೊಡಗಿದೆ. ಇವತ್ತು ಕಾಲೇಜಿನಿಂದ ಬಂದಾಗ ಹೊಲಿಗೆ ಯಂತ್ರ ಕಿಟಕಿಗೆ ಅಡ್ಡ ತಿರುಗಿತ್ತು, ಅದರ ಎದುರಿಗೆ ನಿನ್ನ ಮೇಜು, ಒರೆಸಿ ಇಟ್ಟಿತ್ತು. ಅಷ್ಟು ಭಾರದ ಯಂತ್ರವನ್ನು ಆ ಮೊಣಕಾಲು ಇಟ್ಟುಕೊಂಡು ಒಬ್ಬಳೇ ತಿರುಗಿಸಿದ್ದಾಳೆ. ‘ಇದನ್ನೆಲ್ಲ ಅಪ್ಪನಿಗೆ ಬರೀಬೇಡ’ ಅಂದಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ನಿನ್ನ ಕಡೆಯಿಂದ ಬರುವ ಸಂಜೆಯ ಬಸ್ಸಿಗೆ ಕಾಯುತ್ತ ನಾನು ನಿಲ್ದಾಣದಲ್ಲಿರುತ್ತೇನೆ. ಅಲ್ಲಿಯವರೆಗೆ ನಿನ್ನ ಕುರ್ಚಿಯನ್ನು ಅಳಿಸುವುದಿಲ್ಲ.