ನನ್ನ ಹೆಸರಿನ ಎಕ್ಸ್‌ರೇ

ಇವತ್ತು ಹತ್ತೊಂಬತ್ತು, ಗುರುವಾರ. ರೂಮಲ್ಲಿ ಎಲ್ಲರೂ ಮಲಗಿದಾರೆ, ನಾನು ಬಾತ್‌ರೂಮಲ್ಲಿ ಕೂತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಮೆಲ್ಲಗೆ ಮಾತಾಡ್ತಿದೀನಿ.

ಅಣ್ಣ ಕೆಲಸ ಮಾಡ್ತಿದ್ದ ಗೋದಾಮಿಗೆ ಬೆಂಕಿ ಬಿದ್ದಾಗಿಂದ ಅವನು ಸಿಕ್ಕಿಲ್ಲ. ಸುಟ್ಟ ಹೆಣಗಳಲ್ಲಿ ಯಾವುದು ಯಾರದು ಅಂತ ಮುಖ ನೋಡಿ ಹೇಳಕ್ಕಾಗಲ್ವಂತೆ. ಶವಾಗಾರದ ಡಾಕ್ಟರಮ್ಮ ಇವತ್ತು ಕೇಳಿದ್ರು, "ನಿಮ್ಮಣ್ಣ ಯಾವಾಗಾದ್ರೂ ಹಲ್ಲಿನ ಎಕ್ಸ್‌ರೇ ತೆಗೆಸಿದ್ರಾ? ಹಳೇದು ಸಿಕ್ಕಿದ್ರೆ ಹೋಲಿಸಿ ನೋಡಿ ಹೇಳಬಹುದು."

ಇಲ್ಲ ಅಂದ್ಬಿಟ್ಟೆ.

ತೆಗೆಸಿದ್ದ. ದವಡೆ ಊದಿ ಒದ್ದಾಡ್ತಿದ್ದ, ಅವನಿಗೆ ಆಸ್ಪತ್ರೆ ಕಾರ್ಡ್ ಇರಲಿಲ್ಲ, ನಮ್ಮ ಕಂಪನಿ ನನಗೆ ಕೊಟ್ಟಿದ್ದನ್ನೇ ಕೊಟ್ಟು ಕಳಿಸಿದ್ದೆ. ಹುಳುಕು ಹಲ್ಲಿಗೆ ಬೆಳ್ಳಿ ತುಂಬಿಸ್ಕೊಂಡು ಬಂದು ನಕ್ಕಿದ್ದ, "ನಿನ್ನ ಕಾರ್ಡ್ ಹಿಡಿದು ಐದು ವರ್ಷ ಚಿಕ್ಕವನಾದೆ ಕಣೋ!" ಆ ಎಕ್ಸ್‌ರೇ ಮೇಲೆ ಇರೋದು ನನ್ನ ಹೆಸರು.

ಕಾರ್ಡ್ ಬೇರೆಯವರಿಗೆ ಕೊಟ್ಟಿದ್ದೆ ಅಂತ ನಿಜ ಹೇಳಿದ್ರೆ ಕೆಲಸ ಹೋಗುತ್ತೆ, ಊರಿಗೆ ವಾಪಸ್ ಅಟ್ತಾರೆ. ಅದು ಹಾಳಾಗ್ಲಿ. ಎಕ್ಸ್‌ರೇ ಹೊಂದಿಬಿಟ್ರೆ ಅಣ್ಣ ಇಲ್ಲ ಅಂತಾನೇ ಆಗುತ್ತಲ್ಲ.

ಈಗಷ್ಟೇ ಅತ್ತಿಗೆ ಫೋನ್ ಮಾಡಿದ್ರು. ಅವರಿಗೆ ಕಾರ್ಡಿನ ವಿಷಯ ಗೊತ್ತು. "ಮುಚ್ಚಿಡಬೇಡಪ್ಪಾ. ಬಾಗಿಲ ಹತ್ರ ಹೆಜ್ಜೆ ಸದ್ದಾದ್ರೆ ಸಾಕು, ಅವರೇ ಬಂದ್ರು ಅಂತ ಎದ್ದು ಓಡ್ತೀನಿ. ಇನ್ನೆಷ್ಟು ದಿನ ಹಿಂಗೇ ಓಡ್ಲಿ ಹೇಳು?"

ಫೋನಿಟ್ಟು ಇಲ್ಲಿ ಬಂದು ಕೂತೆ.

ಬೆಳಿಗ್ಗೆ ಹೋಗಿ ಹೇಳ್ತೀನಿ. ನಂಬದಿದ್ರೆ ಡಾಕ್ಟರಮ್ಮನ ಮುಂದೆ ಬಾಯಿ ತೆಗೆದು ತೋರಿಸ್ತೀನಿ. ನೋಡಿ ಮೇಡಂ, ನನ್ನ ಹಲ್ಲು ಒಂದೂ ಹುಳುಕಾಗಿಲ್ಲ, ಬೆಳ್ಳಿ ಎಲ್ಲೂ ಇಲ್ಲ. ಆ ಎಕ್ಸ್‌ರೇ ನಂದಲ್ಲ, ನಮ್ಮಣ್ಣಂದು. ತಗೊಳ್ಳಿ, ಹೋಲಿಸಿ...

ದೇವ್ರೇ, ಹೊಂದದೇ ಇರ್ಲಿ.